ಕಾಗದದ ಮೈ ತಿಳಿಯುವ ಯಂತ್ರ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದಾರೆ. ಊರಿನವರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ನಾವೂ ಹಾಗೇ ಕರೆಯುತ್ತೇವೆ. ದೊಡ್ಡಕ್ಕ ಮಹಿಳಾ ಸಂಘದ ಲೆಕ್ಕ ನೋಡಿಕೊಳ್ಳುತ್ತಾರೆ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಹಾಕುತ್ತಾರೆ. ಅಂಕಿ ಓದುತ್ತಾರೆ. ಕೂಡುತ್ತಾರೆ, ಕಳೆಯುತ್ತಾರೆ.

ಒಂದು ಸಂಜೆ ದೊಡ್ಡಕ್ಕ ಬಂದರು. ಮುಖ ಬಾಡಿತ್ತು. ಎಲೆ ಅಡಿಕೆ ಸಂಚಿಯಿಂದ ಒಂದು ಕಾಗದ ತೆಗೆದು ನಮ್ಮ ಮುಂದೆ ಇಟ್ಟರು.

“ಟೀಚರಮ್ಮ, ಇದನ್ನ ನಾನು ಕೆರೆದಿದೀನಾ? ನೀವೇ ನೋಡಿ ಹೇಳಿ” ಅಂದರು.

ಅದು ಸಂಘದ ಆರು ತಿಂಗಳ ಲೆಕ್ಕದ ಪಟ್ಟಿ. ಪೇಟೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಬರೆಸಿ, ಮುದ್ರಿಸಿ ತಂದಿದ್ದರು. “ಗಟ್ಟಿ ಕಾಗದದ ಮೇಲೆ ಹಾಕಪ್ಪ, ಬಹಳ ದಿನ ಬಾಳಿಕೆ ಬರಬೇಕು” ಎಂದು ದೊಡ್ಡಕ್ಕನೇ ಹೇಳಿದ್ದರು. ಅಂಗಡಿಯ ಹುಡುಗ ಮದುವೆ ಕಾರ್ಡಿನಂಥ ದಪ್ಪ ಕಾಗದದ ಮೇಲೆ ಹಾಕಿಕೊಟ್ಟ. ನೋಡಲು ಬಹಳ ಚೆನ್ನಾಗಿತ್ತು. ದೊಡ್ಡಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ ಸಂಚಿಯಲ್ಲಿ ಇಟ್ಟುಕೊಂಡರು.

ಎಂಟು ದಿನ ಆಯಿತು. ಸಂಘದ ಸಭೆ ಸೇರಿತು. ದೊಡ್ಡಕ್ಕ ಕಾಗದ ಬಿಡಿಸಿದರು. ಮಡಿಕೆ ಬಂದ ಕಡೆಯೆಲ್ಲ ಅಕ್ಷರ ಉದುರಿಹೋಗಿತ್ತು. “ಬ್ಯಾಂಕಿಗೆ ಕಟ್ಟಿದ್ದು 12,600” ಎಂದು ಇರಬೇಕಾದ ಕಡೆ 12 ಇತ್ತು, 00 ಇತ್ತು. ನಡುವೆ ಇದ್ದ 6 ಕಾಣಲಿಲ್ಲ.

“ಆರು ಎಲ್ಲಿಗೆ ಹೋಯ್ತು ದೊಡ್ಡಕ್ಕ? ಬರೆಯೋದು ಬಂದಮೇಲೆ ಅಳಿಸೋದೂ ಬಂತೇನು?” ಎಂದು ಸಭೆಯಲ್ಲಿ ಒಬ್ಬರು ಕೇಳಿಬಿಟ್ಟರಂತೆ. ಕೆಲವರು ನಕ್ಕರಂತೆ. ಆ ಮಾತು ದೊಡ್ಡಕ್ಕನಿಗೆ ಮುಳ್ಳು ಮುರಿದ ಹಾಗಾಗಿತ್ತು.

“ಹೆಬ್ಬೆಟ್ಟು ಒತ್ತುತ್ತಿದ್ದಾಗ ಯಾರೂ ನಂಗೆ ಹಿಂಗೆ ಅಂದಿರಲಿಲ್ಲ ಕಣಮ್ಮ” ಅಂದರು.

ನಾವು ಆ ಕಾಗದ ತೆಗೆದುಕೊಂಡೆವು. ಚೆನ್ನಾಗಿದ್ದ ಒಂದು ಸಾಲಿನ ಮೇಲೆ ಬೆರಳಿನಿಂದ ಉಜ್ಜಿದೆವು. ಬೆರಳು ಕಪ್ಪಾಯಿತು. ಸಾಲು ಮಸುಕಾಯಿತು. ದೊಡ್ಡಕ್ಕ ಕಣ್ಣು ಅರಳಿಸಿ ನೋಡಿದರು. ಕಾಡಿಗೆ ಒರೆಸಿದ ಹಾಗೆ ಅಕ್ಷರ ಎದ್ದು ಬರುತ್ತಿತ್ತು.

ಯಾರೂ ಕೆರೆದಿರಲಿಲ್ಲ. ಅಕ್ಷರ ಕಾಗದಕ್ಕೆ ಹಿಡಿದೇ ಇರಲಿಲ್ಲ.

ಯಾಕೆ ಹಿಡಿಯಲಿಲ್ಲ? ಮಾರನೆಯ ದಿನ ನಾವೂ ದೊಡ್ಡಕ್ಕನೂ ಅದೇ ಅಂಗಡಿಗೆ ಹೋದೆವು. ಅಲ್ಲಿ ಕೇಳಿದ್ದು, ಆಮೇಲೆ ಪುಸ್ತಕ ನೋಡಿ ತಿಳಿದದ್ದು, ಎರಡನ್ನೂ ಸೇರಿಸಿ ಈ ಪಾಠ ಬರೆದಿದ್ದೇವೆ.

ಶಾಯಿ ಅಲ್ಲ, ಪುಡಿ

ಝೆರಾಕ್ಸ್ ಅಂಗಡಿ ನೋಡದವರು ಯಾರಿದ್ದಾರೆ? ರೇಷನ್ ಕಾರ್ಡು, ಆಧಾರ್, ಪಹಣಿ, ಮಕ್ಕಳ ಅಂಕಪಟ್ಟಿ, ಎಲ್ಲಕ್ಕೂ ಅಲ್ಲಿಗೆ ಹೋಗಬೇಕು. ಯಂತ್ರದಿಂದ ಹೊರಗೆ ಬಂದ ಕಾಗದ ಬಿಸಿಯಾಗಿರುತ್ತದೆ. ಗಮನಿಸಿದ್ದೀರಾ? ಈಗತಾನೇ ಕಾವಲಿಯಿಂದ ತೆಗೆದ ದೋಸೆಯ ಹಾಗೆ ಬೆಚ್ಚಗಿರುತ್ತದೆ. ಯಾಕೆ ಗೊತ್ತೇ?

ಆ ಯಂತ್ರದಲ್ಲಿ ಶಾಯಿ ಇಲ್ಲ. ಕಪ್ಪು ಪುಡಿ ಇದೆ. ಅದಕ್ಕೆ ಟೋನರ್ ಎನ್ನುತ್ತಾರೆ. ಹಿಟ್ಟಿಗಿಂತ ನುಣುಪಾದ ಪುಡಿ. ಅದರಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್. ಜೊತೆಗೆ ಮಸಿಯ ಕಪ್ಪು ಬಣ್ಣ ಸೇರಿರುತ್ತದೆ.

ಒಣಗಿದ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ನಾಲ್ಕು ಸಲ ಬಾಚಿ. ಆ ಬಾಚಣಿಗೆಯನ್ನು ಸಣ್ಣ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ಅದು ವಿದ್ಯುತ್ತಿನ ಸೆಳೆತ. ಯಂತ್ರದ ಒಳಗೆ ಒಂದು ಉರುಳೆ ಇದೆ. ಅದರ ಮೇಲೆ ಬೆಳಕಿನಿಂದ ಅಕ್ಷರದ ಆಕಾರ ಮೂಡುತ್ತದೆ. ಆ ಆಕಾರಕ್ಕೆ ಮಾತ್ರ ಪುಡಿ ಅಂಟುತ್ತದೆ. ಆಮೇಲೆ ಕಾಗದ ಬರುತ್ತದೆ. ಕಾಗದದ ಹಿಂದಿನಿಂದ ಯಂತ್ರ ವಿದ್ಯುತ್ತಿನ ಸೆಳೆತ ಕೊಡುತ್ತದೆ. ಪುಡಿ ಉರುಳೆ ಬಿಟ್ಟು ಕಾಗದದ ಮೇಲೆ ಬಂದು ಕೂರುತ್ತದೆ.

ಈಗ ಅಕ್ಷರ ಕಾಣುತ್ತದೆ. ಆದರೆ ಅದು ರಂಗೋಲಿಯ ಹಾಗೆ. ಊದಿದರೆ ಹಾರಿಹೋಗುತ್ತದೆ. ಅದನ್ನು ಕಾಗದಕ್ಕೆ ಕಚ್ಚಿಸಬೇಕು. ಅದಕ್ಕೆ ಕೊನೆಯಲ್ಲಿ ಒಂದು ಬಿಸಿ ಉರುಳೆ ಇದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಈ ಉರುಳೆಯ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಸುಮಾರು 180ರಿಂದ 200 ಡಿಗ್ರಿ. ಅದರ ಕೆಳಗೆ ಹಾದುಹೋಗುವಾಗ ಪುಡಿ ಕರಗುತ್ತದೆ. ಕಾಗದದ ನಾರಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ.

ಈ ಉಪಾಯ ಕಂಡುಹಿಡಿದವರು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಅವರದು ಕಚೇರಿಯ ಕೆಲಸ. ಒಂದೇ ಬರಹವನ್ನು ಮತ್ತೆ ಮತ್ತೆ ನಕಲು ಮಾಡಿ ಮಾಡಿ ಬೇಸತ್ತಿದ್ದರು. 1938ರ ಅಕ್ಟೋಬರ್ 22ರಂದು ಅವರ ಮೊದಲ ಒಣ ನಕಲು ಬಂತು. ಆವತ್ತಿನ ದಿನಾಂಕ ಮತ್ತು ಆ ಜಾಗದ ಹೆಸರು, ಅಷ್ಟೇ ಅದರಲ್ಲಿ ಇದ್ದದ್ದು. ಮೇಣದ ಕಾಗದದ ಮೇಲೆ ಪುಡಿ ಕೂರಿಸಿ, ಬಿಸಿ ಮಾಡಿ ಕಚ್ಚಿಸಿದ್ದರು. ಕಚೇರಿಗಳಿಗೆ ಆಗುವಂಥ ಯಂತ್ರ ಬರಲು ಮತ್ತೆ 21 ವರ್ಷ ಬೇಕಾಯಿತು. 1959ರಲ್ಲಿ ಅದು ಬಂತು. ಝೆರಾಕ್ಸ್ ಎಂಬುದು ಆ ಕಂಪನಿಯ ಹೆಸರು. ನಾವು ಕೆಲಸಕ್ಕೇ ಆ ಹೆಸರು ಇಟ್ಟುಬಿಟ್ಟಿದ್ದೇವೆ.

ತೆಳು ರೊಟ್ಟಿ, ದಪ್ಪ ರೊಟ್ಟಿ

ಅಂಗಡಿಯಲ್ಲಿ ಹುಡುಗ ಇಷ್ಟು ಹೇಳುವ ಹೊತ್ತಿಗೆ ದೊಡ್ಡಕ್ಕ ನಡುವೆ ಬಾಯಿ ಹಾಕಿದರು.

“ಅಂದ್ರೆ ಇದು ಕಾವಲಿ ಇದ್ದಂಗೆ. ತೆಳ್ಳಗೆ ತಟ್ಟಿದ ರೊಟ್ಟಿ ಬಿರ್ರನೆ ಬೇಯ್ತದೆ. ದಪ್ಪಕ್ಕೆ ತಟ್ಟಿದ್ದು ಮೇಲೆ ಬೆಂದಂಗೆ ಕಾಣ್ತದೆ, ಒಳಗೆ ಹಸಿ. ಹಂಗಾಯ್ತಾ ನನ್ನ ಕಾಗದ?”

ಹುಡುಗ ನಕ್ಕ. “ಹಂಗೇ ಆಗಿದೆ ಅಜ್ಜಿ” ಅಂದ.

ನಮಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಯಂತ್ರ ತೆಳು ಕಾಗದಕ್ಕೆ ಆಗುವಷ್ಟು ಬಿಸಿ ಇಟ್ಟುಕೊಂಡಿತ್ತು. ತೆಳು ಕಾಗದದ ವೇಗದಲ್ಲೇ ಓಡುತ್ತಿತ್ತು. ದಪ್ಪ ಕಾಗದ ಬಂತು. ಬಿಸಿಯನ್ನೆಲ್ಲ ಕಾಗದವೇ ಕುಡಿಯಿತು. ಪುಡಿ ಅರ್ಧ ಕರಗಿತು, ಅರ್ಧ ಕರಗಲಿಲ್ಲ. ಮೇಲೆ ಕೂತಿತು, ಒಳಗೆ ಕಚ್ಚಲಿಲ್ಲ. ಮಡಿಸಿದ ಕಡೆ ಬಿರುಕು ಬಿಟ್ಟು ಉದುರಿತು.

ಗಟ್ಟಿ ಕಾಗದ ಕೇಳಿದ್ದು ತಪ್ಪಲ್ಲ. “ಈಗ ಬರುವುದು ದಪ್ಪ ಕಾಗದ” ಎಂದು ಯಂತ್ರಕ್ಕೆ ಯಾರೂ ಹೇಳಲಿಲ್ಲ.

ಕಾಗದದ ದಪ್ಪಕ್ಕೆ ಒಂದು ಅಳತೆ ಇದೆ. ಅದಕ್ಕೆ ಜಿ.ಎಸ್.ಎಂ. ಎನ್ನುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಅಂಗಡಿಯಲ್ಲಿ ಅರ್ಜಿಗೆ ಬಳಸುವ ಬಿಳಿ ಕಾಗದಕ್ಕೆ ಎ4 ಎಂದು ಹೆಸರು. ಅಂಥ 16 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್ ಆಗುತ್ತದೆ. ಕಾಗದ 80 ಜಿ.ಎಸ್.ಎಂ. ಆಗಿದ್ದರೆ ಒಂದು ಹಾಳೆಯ ತೂಕ ಎಷ್ಟು? 80ನ್ನು 16ರಿಂದ ಭಾಗಿಸಿ. 5 ಗ್ರಾಂ. 500 ಹಾಳೆಯ ಕಟ್ಟು ಎಷ್ಟು ತೂಗಬೇಕು? ಎರಡೂವರೆ ಕಿಲೋ. ಅಂಗಡಿಯಲ್ಲಿ ಕಟ್ಟಿನ ಮೇಲೆ ಜಿ.ಎಸ್.ಎಂ. ಬರೆದಿರುತ್ತದೆ. ಓದಿ ನೋಡಿ. ನಂಬಿಕೆ ಬಾರದಿದ್ದರೆ ತಕ್ಕಡಿ ಇದ್ದೇ ಇದೆ.

ದಿನಪತ್ರಿಕೆಯ ಕಾಗದ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮದುವೆ ಕಾರ್ಡು 200, 250, 300 ಹೀಗೆ ಇರುತ್ತದೆ. ಅಂದರೆ ದೊಡ್ಡಕ್ಕ ಕೇಳಿದ ಕಾಗದ ಮಾಮೂಲಿ ಹಾಳೆಗಿಂತ ಮೂರು ಪಟ್ಟು ದಪ್ಪ ಇದ್ದಿರಬೇಕು.

ಕಾಗದದ ಒಡಲೂ ಒಂದೇ ಅಲ್ಲ. ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಇತ್ತು. 1936ರಲ್ಲಿ ಹುಟ್ಟಿದ್ದು. ಅಲ್ಲಿ ಮರ ಬಿದಿರಿನ ಜೊತೆಗೆ ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡುತ್ತಿದ್ದರು. ನಮ್ಮಲ್ಲಿ ಎಷ್ಟೋ ಜನ ಓದಿದ ಪತ್ರಿಕೆ ಅಲ್ಲಿನ ಕಾಗದದ್ದು. ಕೆಲವು ವರ್ಷಗಳ ಹಿಂದೆ ಆ ಕಾರ್ಖಾನೆಯ ಕೆಲಸ ನಿಂತುಹೋಯಿತು. ದಾಂಡೇಲಿಯ ಕಾರ್ಖಾನೆ ನಡೆಯುತ್ತಿದೆ. ನೋಟಿನ ಕಾಗದ ಹತ್ತಿಯದು. ಅದಕ್ಕೆಂದೇ ಮೈಸೂರಿನಲ್ಲಿ ಒಂದು ಕಾರ್ಖಾನೆ ಇದೆ. ಮುಟ್ಟಿದರೆ ಗೊತ್ತಾಗುತ್ತದೆ, ನೋಟು ಬಟ್ಟೆಯ ಹಾಗೆ ಗರಿಗರಿ ಇರುತ್ತದೆ.

ಮುಂಚೆ ಬೆರಳೇ ಯಂತ್ರ

ನೀವು ಸೀರೆ ಅಂಗಡಿಯಲ್ಲಿ ಏನು ಮಾಡುತ್ತೀರಿ? ಸೆರಗು ಹಿಡಿದು ಎರಡು ಬೆರಳ ನಡುವೆ ಉಜ್ಜುತ್ತೀರಿ. ಹತ್ತಿಯೋ, ಪಾಲಿಯೆಸ್ಟರೋ ಬೆರಳೇ ಹೇಳುತ್ತದೆ. ಹಳೆಯ ಅಚ್ಚುಕೂಟದವರೂ ಹಾಗೇ ಮಾಡುತ್ತಿದ್ದರು.

ನಮ್ಮ ಗುಬ್ಬಿ ಎಂದರೆ ನಾಟಕ. 1884ರಲ್ಲಿ ಇಲ್ಲಿ ನಾಟಕ ಕಂಪನಿ ಶುರುವಾಯಿತು. ಆಮೇಲೆ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಕೊಂಡೊಯ್ದರು. ನಾಟಕ ಎಂದಮೇಲೆ ಕರಪತ್ರ ಬೇಕು. ಕರಪತ್ರಕ್ಕೆ ತೆಳು ಕಾಗದ, ಲಗ್ನಪತ್ರಿಕೆಗೆ ದಪ್ಪ ಕಾಗದ. ಹಿಂದೆ ಇವು ಅಚ್ಚುಮೊಳೆ ಜೋಡಿಸಿ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಅಚ್ಚಾಗುತ್ತಿದ್ದವು.

ಆ ಯಂತ್ರಕ್ಕೆ ಕಣ್ಣೂ ಇಲ್ಲ, ತಲೆಯೂ ಇಲ್ಲ. ಎಲ್ಲ ಅದನ್ನು ನಡೆಸುವವರ ಬೆರಳಿನಲ್ಲಿ. ಕಾಗದವನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ತೆಳುವಾಗಿದ್ದರೆ ಅದರ ಹಿಂದೆ ಒತ್ತುಕೊಡುವ ಹಾಳೆಗಳನ್ನು ಸೇರಿಸುತ್ತಿದ್ದರು. ದಪ್ಪವಾಗಿದ್ದರೆ ಒಂದೆರಡು ತೆಗೆಯುತ್ತಿದ್ದರು. ಒತ್ತು ಹೆಚ್ಚಾದರೆ ಮೊಳೆ ಕಾಗದವನ್ನು ತೂತು ಮಾಡುತ್ತದೆ. ಕಡಿಮೆಯಾದರೆ ಅಕ್ಷರ ಬಿಟ್ಟುಹೋಗುತ್ತದೆ. ಮೊದಲು ಒಂದು ಹಾಳೆ ತೆಗೆದು, ಹಿಂಬದಿ ಸವರಿ ನೋಡಿ, ಆಮೇಲೆ ಸಾವಿರ ಹಾಳೆಗೆ ಕೈ ಹಾಕುತ್ತಿದ್ದರು.

ಈಗ ಗುಂಡಿ ಒತ್ತಿದರೆ ಹಾಳೆ ಬರುತ್ತದೆ. ಬೆರಳಿನ ಆ ಕೆಲಸ ಯಾರು ಮಾಡಬೇಕು? ಇದೇ ನೋಡಿ ನಮ್ಮ ಪಾಠದ ಮುಖ್ಯ ಪ್ರಶ್ನೆ.

ಯಂತ್ರದ ಕಣ್ಣು

ಕೆಲವು ಹೊಸ ಯಂತ್ರಗಳಿಗೆ ಕಣ್ಣು ಇಟ್ಟಿದ್ದಾರೆ. ಸುಮಾರು 2000ದ ಹೊತ್ತಿಗೆ ಮನೆಯಲ್ಲಿ ಬಳಸುವ ಪ್ರಿಂಟರುಗಳಲ್ಲೂ ಇಂಥ ಕಣ್ಣು ಬಂತು. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಅದು ಹೇಗೆ ನೋಡುತ್ತದೆ?

ಬಿಸಿಲಿನಲ್ಲಿ ಬೆಳಗಿದ ಸ್ಟೀಲ್ ತಟ್ಟೆ ಹಿಡಿಯಿರಿ. ಬೆಳಕು ಒಂದೇ ಕಡೆಗೆ ಚಿಮ್ಮುತ್ತದೆ. ಎದುರು ಕೂತವರ ಕಣ್ಣಿಗೆ ಹೊಡೆಯುತ್ತದೆ. ಅದೇ ಬಿಸಿಲು ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದರೆ? ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಯಾರ ಕಣ್ಣಿಗೂ ಹೊಡೆಯುವುದಿಲ್ಲ.

ಯಂತ್ರದ ಕಣ್ಣು ನೋಡುವುದೂ ಇದನ್ನೇ. ಒಳಗೆ ಒಂದು ಪುಟ್ಟ ದೀಪ ಇದೆ. ಅದು ಕಾಗದದ ಮೇಲೆ ಓರೆಯಾಗಿ ಬೆಳಕು ಬಿಡುತ್ತದೆ. ಬೆಳಕು ಹಿಡಿಯುವ ಕಣ್ಣು ಎರಡು ಕಡೆ ಇರುತ್ತದೆ. ಒಂದು, ಬೆಳಕು ನೇರ ಚಿಮ್ಮಿ ಬರುವ ಕಡೆ. ಇನ್ನೊಂದು, ಬೇರೆ ಕಡೆ. ಚಿಮ್ಮಿದ ಬೆಳಕು ಹೆಚ್ಚಾಗಿದ್ದರೆ ಅದು ನುಣುಪಾದ ಕಾಗದ, ಫೋಟೋ ಹಾಕುವಂಥದ್ದು. ಚದುರಿದ ಬೆಳಕು ಹೆಚ್ಚಾಗಿದ್ದರೆ ಮಾಮೂಲಿ ಕಾಗದ.

ಇದರಿಂದ ಮೈ ಎಂಥದು ಎಂದು ತಿಳಿಯಿತು. ದಪ್ಪ ತಿಳಿಯುವುದು ಹೇಗೆ? ನೀವು ಕಾಗದವನ್ನು ದೀಪಕ್ಕೆ ಅಡ್ಡ ಹಿಡಿದು ನೋಡುತ್ತೀರಲ್ಲ, ಹಾಗೆ. ಒಂದು ಕಡೆ ದೀಪ, ಇನ್ನೊಂದು ಕಡೆ ಕಣ್ಣು, ನಡುವೆ ಕಾಗದ. ತೆಳು ಕಾಗದದಲ್ಲಿ ಬೆಳಕು ಹೆಚ್ಚು ಹಾದುಬರುತ್ತದೆ. ದಪ್ಪ ಕಾಗದದಲ್ಲಿ ಕಡಿಮೆ.

ಇನ್ನು ಕೆಲವು ಯಂತ್ರಗಳಿಗೆ ಕಿವಿಯೂ ಇದೆ. ಇದನ್ನು ಓದಿ ನಮಗೇ ಆಶ್ಚರ್ಯವಾಯಿತು. ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯಿತೋ ಇಲ್ಲವೋ ಎಂದು ನೀವು ಹೇಗೆ ತಿಳಿಯುತ್ತೀರಿ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಒಳಗೆ ಗಿಟುಕು ಲೊಡಲೊಡ ಅಂದರೆ ಆಯಿತು. ಒಡೆದು ನೋಡಬೇಕಾಗಿಲ್ಲ. ಯಂತ್ರವೂ ಕಾಗದದ ಮೂಲಕ ಶಬ್ದ ಕಳಿಸುತ್ತದೆ. ಆ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ರಾತ್ರಿ ತೋಟದಲ್ಲಿ ಹಾರುವ ಬಾವಲಿಗಳು ಮಾಡುವಂಥ ಬಲು ಸಣ್ಣ ಶಬ್ದ. ತೂಕದ ಕಾಗದವಾದರೆ ಶಬ್ದ ಆಚೆ ಕಡೆಗೆ ಕಡಿಮೆ ತಲುಪುತ್ತದೆ. ಅದರಿಂದ ಕಾಗದದ ತೂಕ ಗೊತ್ತಾಗುತ್ತದೆ.

ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಯಂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ. ದಪ್ಪ ಕಾಗದವಾದರೆ ಬಿಸಿ ಹೆಚ್ಚಿಸುತ್ತದೆ, ಇಲ್ಲವೇ ನಿಧಾನವಾಗಿ ಓಡುತ್ತದೆ. ಪುಡಿಯನ್ನು ಸೆಳೆಯುವ ವಿದ್ಯುತ್ತನ್ನೂ ಬದಲಿಸುತ್ತದೆ. ತೆಳುವಾದರೆ ಬಿಸಿ ಇಳಿಸುತ್ತದೆ. ಇಲ್ಲದಿದ್ದರೆ ತೆಳು ಕಾಗದ ಸುರುಳಿ ಸುತ್ತಿಕೊಂಡು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಶಾಯಿ ಹಾಕುವ ಪ್ರಿಂಟರಿನದು ಬೇರೆ ಕಥೆ. ಅಲ್ಲಿ ಬಿಸಿ ಉರುಳೆ ಇಲ್ಲ. ಕೂದಲಿಗಿಂತ ಸಣ್ಣ ತೂತುಗಳಿಂದ ಶಾಯಿಯ ಹನಿ ಚಿಮ್ಮುತ್ತದೆ. ಹತ್ತಿ ಬಟ್ಟೆಯ ಮೇಲೆ ಅರಿಶಿನದ ನೀರು ಬಿದ್ದರೆ ಹರಡುತ್ತದಲ್ಲ, ಮಾಮೂಲಿ ಕಾಗದದ ಮೇಲೆ ಶಾಯಿಯೂ ಹಾಗೆ ಹರಡುತ್ತದೆ. ಅದಕ್ಕೆ ಅಲ್ಲಿ ಕಡಿಮೆ ಶಾಯಿ ಹಾಕಬೇಕು. ಫೋಟೋ ಕಾಗದದ ಮೇಲೆ ಶಾಯಿ ಹೀರುವ ಲೇಪ ಇರುತ್ತದೆ. ಅಲ್ಲಿ ಹೆಚ್ಚು ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಆ ಲೇಪದ ಕಾಗದವನ್ನು ಬಿಸಿ ಉರುಳೆಯ ಯಂತ್ರಕ್ಕೆ ಹಾಕಬಾರದು. ಲೇಪ ಕರಗಿ ಉರುಳೆಗೇ ಅಂಟಬಹುದು. ಆಮೇಲೆ ಬರುವ ಎಲ್ಲರ ಕಾಗದವೂ ಕೆಡುತ್ತದೆ.

ಕಣ್ಣಿಲ್ಲದ ಯಂತ್ರ

ಎಲ್ಲ ಯಂತ್ರಕ್ಕೂ ಈ ಕಣ್ಣು ಇಲ್ಲ. ಇದನ್ನು ನೆನಪಿಡಬೇಕು. ಅಂಗಡಿಗಳಲ್ಲಿ ಇರುವ ಎಷ್ಟೋ ಯಂತ್ರಗಳಿಗೆ ಕಾಗದ ಇದೆಯೋ ಇಲ್ಲವೋ ಎಂದಷ್ಟೇ ಗೊತ್ತು. ಎಂಥ ಕಾಗದ ಎಂದು ಗೊತ್ತಿಲ್ಲ. ಅದನ್ನು ಮನುಷ್ಯರು ಹೇಳಬೇಕು. ಕಂಪ್ಯೂಟರಿನಲ್ಲಿ ಅದಕ್ಕೊಂದು ಪಟ್ಟಿ ಇದೆ. ಪ್ಲೇನ್ ಅಂದರೆ ಮಾಮೂಲಿ. ಥಿಕ್ ಅಂದರೆ ದಪ್ಪ. ಗ್ಲಾಸಿ ಅಂದರೆ ಹೊಳೆಯುವ ಕಾಗದ. ಅದರಲ್ಲಿ ಒಂದನ್ನು ಆರಿಸಬೇಕು. ಯಾರೂ ಆರಿಸದಿದ್ದರೆ ಯಂತ್ರ ಪ್ಲೇನ್ ಎಂದುಕೊಂಡು ಓಡುತ್ತದೆ. ಎಷ್ಟೋ ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ. ಈ ಪಟ್ಟಿಯ ಕಡೆ ನೋಡುವ ಪುರಸೊತ್ತು ಅವರಿಗೂ ಇರುವುದಿಲ್ಲ. ದೊಡ್ಡಕ್ಕನ ಕಾಗದಕ್ಕೆ ಆದದ್ದು ಇದೇ.

ಇನ್ನೊಂದು ವಿಷಯ. ಕಾಗದ ತೇವ ಕುಡಿಯುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ ಕಾಗದವೂ ಮೆತ್ತಗಾಗುತ್ತದೆ. ತೇವದ ಕಾಗದದಲ್ಲಿ ವಿದ್ಯುತ್ತಿನ ಸೆಳೆತ ಸೋರಿಹೋಗುತ್ತದೆ. ಪುಡಿ ಸರಿಯಾಗಿ ಕೂರುವುದಿಲ್ಲ. ಅಕ್ಷರ ಅಲ್ಲಲ್ಲಿ ಮಸುಕಾಗುತ್ತದೆ. ಅದಕ್ಕೇ ಕಾಗದದ ಕಟ್ಟನ್ನು ಬಿಚ್ಚಿ ಬಿಡಬಾರದು. ಸುತ್ತಿದ ಹೊದಿಕೆಯಲ್ಲೇ ಇಡಬೇಕು.

ಪಾಸ್‌ಬುಕ್ಕಿನ ಯಂತ್ರ

ಈಗ ದೊಡ್ಡಕ್ಕನ 6 ಎಲ್ಲಿ ಸಿಕ್ಕಿತು ಎಂದು ಹೇಳುತ್ತೇವೆ.

ಸಂಘದ ಪಾಸ್‌ಬುಕ್ ತೆಗೆಸಿದೆವು. ಅದರಲ್ಲಿ ಅದೇ ತಾರೀಖಿನ ಮುಂದೆ 12,600 ಎಂದು ಸ್ಪಷ್ಟವಾಗಿ ಇತ್ತು. ಅದು ಬ್ಯಾಂಕಿನಲ್ಲಿ ಮುದ್ರಿಸಿದ್ದು. ಎಷ್ಟು ಉಜ್ಜಿದರೂ ಅಕ್ಷರ ಏಳಲಿಲ್ಲ.

ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸುವಾಗ ಜಿರ್ ಜಿರ್ ಎಂದು ಶಬ್ದ ಬರುತ್ತದೆ, ಕೇಳಿದ್ದೀರಲ್ಲ? ಅದರಲ್ಲಿ ಪುಡಿ ಇಲ್ಲ. ಸಣ್ಣ ಸಣ್ಣ ಸೂಜಿಗಳಿವೆ. ಅವು ಶಾಯಿಯ ಪಟ್ಟಿಯ ಮೇಲೆ ಕುಟ್ಟುತ್ತವೆ. ಶಾಯಿ ಕಾಗದದೊಳಗೆ ಇಳಿಯುತ್ತದೆ. ಅಕ್ಷರವನ್ನು ಹತ್ತಿರದಿಂದ ನೋಡಿ. ಚುಕ್ಕಿ ಚುಕ್ಕಿ ಸೇರಿ ಅಂಕಿ ಆಗಿರುತ್ತದೆ, ಚುಕ್ಕಿ ರಂಗೋಲಿಯ ಹಾಗೆ.

ಪಾಸ್‌ಬುಕ್ಕಿನ ಮೊದಲ ಪುಟ ತೆರೆದರೆ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಕೊನೆಯ ಪುಟ ತೆರೆದರೆ ಅದಕ್ಕೆ ತಿರುಗಾ ಮುರುಗಾ. ಸೂಜಿ ಒಂದೇ ಎತ್ತರದಲ್ಲಿ ನಿಂತಿದ್ದರೆ ಒಂದು ಕಡೆ ಪುಸ್ತಕ ಹರಿಯುತ್ತದೆ, ಇನ್ನೊಂದು ಕಡೆ ಅಕ್ಷರ ಬೀಳುವುದೇ ಇಲ್ಲ. ಅದಕ್ಕೇ ಆ ಯಂತ್ರ ಪುಸ್ತಕ ಒಳಗೆ ಬಂದ ಕೂಡಲೇ ಅದರ ದಪ್ಪ ತಿಳಿದು, ಸೂಜಿಯ ತಲೆಯನ್ನು ಮೇಲೆ ಕೆಳಗೆ ಸರಿಸಿಕೊಳ್ಳುತ್ತದೆ. ಟ್ರೆಡಲ್ ಯಂತ್ರದವರು ಹಾಳೆ ಸೇರಿಸಿ ತೆಗೆದು ಮಾಡುತ್ತಿದ್ದ ಕೆಲಸವನ್ನು ಇದು ತಾನೇ ಮಾಡಿಕೊಳ್ಳುತ್ತದೆ.

ಬ್ಯಾಂಕಿನಲ್ಲಿ ನೋಟು ಎಣಿಸುವ ಯಂತ್ರವೂ ಕಾಗದ ಗುರುತಿಸುತ್ತದೆ. ಅನೇಕ ಎಣಿಕೆ ಯಂತ್ರಗಳಲ್ಲಿ ನೇರಳೆ ಬೆಳಕು ಇರುತ್ತದೆ. ಅಂಗಡಿಯ ಬಿಳಿ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತದೆ. ಅದಕ್ಕೆ ಹೊಳಪಿನ ಔಷಧಿ ಹಾಕಿರುತ್ತಾರೆ, ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆ. ನೋಟಿನ ಹತ್ತಿ ಕಾಗದ ಮಿನುಗುವುದಿಲ್ಲ. ಅದರಲ್ಲಿ ಹುದುಗಿಸಿದ ಗುರುತುಗಳು ಮಾತ್ರ ಹೊಳೆಯುತ್ತವೆ.

ಬಸ್ ಟಿಕೆಟ್ಟು ಬೇರೆ ಜಾತಿ

2023ರ ಜೂನ್ 11ರಿಂದ ನಮಗೆಲ್ಲ ಬಸ್ಸಿನಲ್ಲಿ ಸೊನ್ನೆ ಟಿಕೆಟ್ ಕೊಡುತ್ತಿದ್ದಾರೆ. ಶಕ್ತಿ ಯೋಜನೆಯ ಟಿಕೆಟ್. ಗುಬ್ಬಿಯಿಂದ ತುಮಕೂರಿಗೆ ಹೋಗುವಾಗ ಕಂಡಕ್ಟರ್ ಕೈಯ ಯಂತ್ರದಿಂದ ಸರ್ರನೆ ಬರುತ್ತದೆ. ಆ ಪುಟ್ಟ ಯಂತ್ರದಲ್ಲಿ ಪುಡಿಯೂ ಇಲ್ಲ, ಶಾಯಿಯೂ ಇಲ್ಲ. ಹಾಗಾದರೆ ಅಕ್ಷರ ಎಲ್ಲಿಂದ ಬಂತು?

ಬಣ್ಣ ಕಾಗದದಲ್ಲೇ ಇದೆ. ಬಿಸಿ ತಗುಲಿದರೆ ಕಪ್ಪಾಗುವ ಲೇಪ ಅದರ ಮೇಲಿದೆ. ಯಂತ್ರ ಅಕ್ಷರದ ಆಕಾರದಲ್ಲಿ ಬಿಸಿ ಮುಟ್ಟಿಸುತ್ತದೆ, ಅಷ್ಟೇ. ಎ.ಟಿ.ಎಂ. ಚೀಟಿ, ಅಂಗಡಿಯ ಬಿಲ್ಲು, ಎಷ್ಟೋ ಕಡೆ ಹಣ ಕಟ್ಟಿದ ರಸೀದಿ, ಇವೂ ಹೀಗೇ.

ಪತ್ತೆ ಹಚ್ಚುವುದು ಸುಲಭ. ಟಿಕೆಟ್ಟಿನ ನುಣುಪು ಬದಿಯನ್ನು ಉಗುರಿನಿಂದ ಗೀರಿ. ಕಪ್ಪು ಗೆರೆ ಬಿದ್ದರೆ ಅದು ಈ ಜಾತಿಯ ಕಾಗದ. ಗೀರಿದ ಬಿಸಿಗೇ ಅದು ಕಪ್ಪಾಗುತ್ತದೆ.

ಈ ಅಕ್ಷರ ಉಳಿಯುವುದಿಲ್ಲ. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರು ಎಲ್ಲವೂ ಇದಕ್ಕೆ ಶತ್ರು. ಕೆಲವು ತಿಂಗಳಲ್ಲಿ ಬಿಳಿಯಾಗಬಹುದು. ಬಸ್ ಟಿಕೆಟ್ ಮಾಸಿದರೆ ಏನೂ ನಷ್ಟವಿಲ್ಲ. ಸಾಲದ ಕಂತು ಕಟ್ಟಿದ ರಸೀದಿ ಮಾಸಿದರೆ? ಅಂಥ ಚೀಟಿ ಕೈಗೆ ಬಂದ ವಾರದಲ್ಲೇ ಝೆರಾಕ್ಸ್ ಮಾಡಿಸಿ, ಎರಡನ್ನೂ ಸೇರಿಸಿ ಇಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಲ್ಯಾಮಿನೇಷನ್ ಯಂತ್ರ ಬಿಸಿ. ಚೀಟಿ ಪೂರ್ತಿ ಕಪ್ಪಾಗಿ ಹೊರಗೆ ಬರುತ್ತದೆ. ನಮ್ಮಲ್ಲೇ ಒಬ್ಬರು ಹಾಗೆ ಮಾಡಿಸಿಕೊಂಡು ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಪಹಣಿಯ ವಿಚಾರ ಬೇರೆ. ಹಿಂದೆ ಪಹಣಿಯನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. ಭೂಮಿ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರಿನಿಂದ ತೆಗೆದುಕೊಡಲು ಶುರು ಮಾಡಿದರು. 2002ರ ಸುಮಾರಿಗೆ ಒಂದಕ್ಕೆ 15 ರೂಪಾಯಿ ಇತ್ತು. ಪಹಣಿ ಹಾಳಾದರೆ ಮತ್ತೆ ತೆಗೆಸಬಹುದು, ಲೆಕ್ಕ ಕಂಪ್ಯೂಟರಿನಲ್ಲಿ ಇರುತ್ತದೆ. ಆದರೆ ಸಂಘದ ನಡವಳಿ, ಕೈಸಾಲದ ಪತ್ರ, ಮನೆ ಬಾಡಿಗೆಯ ಕರಾರು, ಇವಕ್ಕೆ ಎಷ್ಟೋ ಸಲ ಇರುವುದು ಒಂದೇ ಪ್ರತಿ.

ಮತ್ತೆ ಅಂಗಡಿಗೆ

ಆವತ್ತು ಅಂಗಡಿಯ ಹುಡುಗ ಪಟ್ಟಿಯಲ್ಲಿ ಥಿಕ್ ಎಂದು ಆರಿಸಿದ. ಅದೇ ದಪ್ಪ ಕಾಗದ ಹಾಕಿದ. ಈ ಸಲ ಯಂತ್ರ ಸ್ವಲ್ಪ ಹೊತ್ತು ಸುಮ್ಮನಿತ್ತು. ಬಿಸಿ ಏರಿಸಿಕೊಳ್ಳುತ್ತಿತ್ತು. ಆಮೇಲೆ ನಿಧಾನವಾಗಿ ಕಾಗದ ಹೊರಗೆ ಬಂತು. ದೊಡ್ಡಕ್ಕ ಮೂಲೆಯಲ್ಲಿ ಬೆರಳಿಟ್ಟು ಉಜ್ಜಿದರು. ಬೆರಳು ಬೆಳ್ಳಗೇ ಇತ್ತು. ಉಗುರಿನಿಂದ ಕೆರೆದರು. ಅಕ್ಷರ ಅಲ್ಲಾಡಲಿಲ್ಲ. ಒಂದು ಸಲ ಮಡಿಸಿ ಬಿಡಿಸಿದರು. ಮಡಿಕೆಯ ಮೇಲೆ ಸಣ್ಣ ಬಿಳಿ ಗೆರೆ ಬಂತು, ಆದರೆ ಅಂಕಿ ಓದಲು ಬರುತ್ತಿತ್ತು.

“ದಪ್ಪ ಕಾಗದ ಮಡಿಸಬಾರದು ಅಜ್ಜಿ. ಮಡಿಸೋ ಹಂಗಿದ್ರೆ ಮಾಮೂಲಿ ಹಾಳೆನೇ ಒಳ್ಳೇದು” ಅಂದ ಹುಡುಗ.

“ಇದನ್ನ ಅವತ್ತೇ ಹೇಳಬಾರದಿತ್ತೇನಪ್ಪ?” ಅಂದರು ದೊಡ್ಡಕ್ಕ.

“ನೀವು ಕೇಳಲಿಲ್ಲ” ಅಂದ.

ಅದೂ ನಿಜವೇ. ಕೊನೆಗೆ ಮಾಮೂಲಿ 80 ಜಿ.ಎಸ್.ಎಂ. ಹಾಳೆಯ ಮೇಲೆ ಇನ್ನೆರಡು ಪ್ರತಿ ತೆಗೆಸಿದರು. ಮುಂದಿನ ಸಭೆಯಲ್ಲಿ ದೊಡ್ಡಕ್ಕ ಹಳೆಯ ಕಾಗದ, ಹೊಸ ಕಾಗದ, ಪಾಸ್‌ಬುಕ್ ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟರು. ಹಳೆಯದನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಉಜ್ಜಿ ನೋಡಿ ಅಂದರು. ಹದಿನಾಲ್ಕು ಜನರ ಬೆರಳೂ ಕಪ್ಪಾಯಿತು. ಹೋದ ಸಲ ಮಾತಾಡಿದವರ ಬೆರಳು ಕೂಡ. ಅವರು ಏನೂ ಅನ್ನಲಿಲ್ಲ. ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಪಾಸ್‌ಬುಕ್ ಎಳೆದುಕೊಂಡು, 12,600 ಎಂದು ಗಟ್ಟಿಯಾಗಿ ಓದಿದರು.

ಮಾಡಿ ನೋಡಿ

ಮನೆಯಲ್ಲಿ ಇರುವ ನಾಲ್ಕು ಬಗೆಯ ಕಾಗದ ತನ್ನಿ. ಒಂದು ಬಸ್ ಟಿಕೆಟ್, ಒಂದು ಝೆರಾಕ್ಸ್ ಪ್ರತಿ, ನಿಮ್ಮ ಪಾಸ್‌ಬುಕ್, ಒಂದು ಲಗ್ನಪತ್ರಿಕೆ. ಬೆರಳಲ್ಲಿ ಮುಟ್ಟಿ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಪಾಸ್‌ಬುಕ್ಕಿನಲ್ಲಿ ಚುಕ್ಕಿಗಳು ಕಾಣುತ್ತವೆಯೇ ನೋಡಿ. ಟಿಕೆಟ್ಟನ್ನು ಉಗುರಿನಿಂದ ಗೀರಿ. ಯಾವುದಕ್ಕೆ ಪುಡಿ, ಯಾವುದಕ್ಕೆ ಸೂಜಿ, ಯಾವುದಕ್ಕೆ ಬರೀ ಬಿಸಿ ಎಂದು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಸಂಘದ ಲೆಕ್ಕದ ಕಾಗದ ಇದ್ದರೆ ಅದರ ಮೂಲೆಯಲ್ಲೂ ಒಂದು ಸಲ ಬೆರಳು ಉಜ್ಜಿ ನೋಡಿ. ಬೆರಳು ಕಪ್ಪಾದರೆ ನಾಳೆಯೇ ಹೊಸ ಪ್ರತಿ ತೆಗೆಸಿ.